ಮೊದಲು ನಂಬಿಕೆಯೋ, ಹೊಸ ಹುಟ್ಟೋ

12 ಮಾರ್ಚ್ 2025, ಬುಧವಾರ

ಸತ್ತವನು ನಂಬುವುದು ಹೇಗೆ? ಬೈಬಲ್ ಅಧ್ಯಯನ ಮುಗಿದ ಮೇಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಓದುತ್ತಿದ್ದೆವು. ಅಪರಾಧಗಳಲ್ಲಿ ಸತ್ತಿದ್ದ ನಮ್ಮನ್ನು ದೇವರು ಬದುಕಿಸಿದನು ಅನ್ನುತ್ತಾನೆ ಪೌಲ. ಹಾಗಿದ್ದರೆ ಮೊದಲು ಜೀವ, ಅಂದರೆ ದೇವರು ಒಳಗೆ ಕೊಡುವ ಹೊಸ ಹುಟ್ಟು; ಆಮೇಲೆ ನಂಬಿಕೆ ಎಂದರು ಒಬ್ಬರು. ಇನ್ನೊಬ್ಬರು ಯೋಹಾನ 20:31 ತೆಗೆದರು: ನಂಬಿ, ಆತನ ಹೆಸರಿನಲ್ಲಿ ಜೀವ ಪಡೆಯಲೆಂದೇ ಸುವಾರ್ತೆ ಬರೆದದ್ದು. ಇಬ್ಬರ ಕೈಯಲ್ಲೂ ವಾಕ್ಯ ಇದ್ದಾಗ ಮಾತು ಬೇಗ ಮುಗಿಯುತ್ತದೆಯೇ!

ತಕರಾರು ಸಮಯದ ಲೆಕ್ಕದ್ದಲ್ಲ. ಯಾವುದು ಕಾರಣ, ಯಾವುದು ಫಲ ಎಂಬುದರದ್ದು. ಯೋಹಾನ 1ನೇ ಅಧ್ಯಾಯವನ್ನೇ ನೋಡಿ. ಆತನನ್ನು ಅಂಗೀಕರಿಸಿದವರಿಗೆ ದೇವರ ಮಕ್ಕಳಾಗುವ ಅಧಿಕಾರ ಸಿಕ್ಕಿತು ಎನ್ನುವ 12ನೇ ವಚನದಲ್ಲಿ ಒಂದು ಪಕ್ಷದವರು ನಿಂತುಬಿಡುತ್ತಾರೆ. ಆ ಹುಟ್ಟು ಮನುಷ್ಯನ ಇಚ್ಛೆಯಿಂದಾದದ್ದಲ್ಲ ಎನ್ನುವ 13ಕ್ಕೆ ಇನ್ನೊಂದು ಪಕ್ಷದವರು ಓಡುತ್ತಾರೆ. ನನಗೆ ಹೆಚ್ಚು ತೂಕದ್ದಾಗಿ ಕಾಣುವುದು ಯೋಹಾನನ ಮೊದಲ ಪತ್ರಿಕೆ. ಯೇಸುವನ್ನು ಕ್ರಿಸ್ತನೆಂದು ನಂಬುವವನು ದೇವರಿಂದ ಹುಟ್ಟಿದವನು ಎಂದು 5:1ರಲ್ಲಿದೆ. ನೀತಿಯನ್ನು ಅನುಸರಿಸುವವನು ದೇವರಿಂದ ಹುಟ್ಟಿದವನು ಎಂದು 2:29ರಲ್ಲಿದೆ. ಎರಡೂ ಒಂದೇ ಅಚ್ಚಿನ ಮಾತು. ನೀತಿಯಿಂದ ನಡೆದದ್ದಕ್ಕೇ ಹೊಸ ಹುಟ್ಟು ಬಂತು ಎಂದು ಯಾವ ಪಕ್ಷದವರೂ ಒಪ್ಪುವುದಿಲ್ಲ. ಹಾಗಾದರೆ ನಂಬಿಕೆಯ ವಿಷಯದಲ್ಲಿ ಮಾತ್ರ ಕ್ರಮ ತಿರುಗಿಸುವುದೇಕೆ?

ಮನೆಗೆ ಬಂದು ಹಳೆಯ ದಸ್ತಾವೇಜುಗಳನ್ನು ಬಿಡಿಸಿದೆ. ಅಲ್ಲಿ ಕಂಡದ್ದು ತಮಾಷೆಯಾಗಿದೆ. 1610ರಲ್ಲಿ, ನಂಬಿಕೆ ಮೊದಲು ಎನ್ನುವ ಪಕ್ಷದ ಮೂಲಗುರುವಾದ ನೆದರ್ಲೆಂಡ್ಸ್‌ನ ಆರ್ಮಿನಿಯಸ್‌ನ ಅನುಯಾಯಿಗಳು ಐದು ಅಂಶಗಳ ಮನವಿ ಸಲ್ಲಿಸಿದರಲ್ಲ, ಅದರ ಮೂರನೆಯ ಅಂಶದ ಪ್ರಕಾರ ಮನುಷ್ಯ ನಿಜವಾದ ಒಳ್ಳೆಯದನ್ನು ಯೋಚಿಸಲು, ಬಯಸಲು ಪವಿತ್ರಾತ್ಮನಿಂದ ಹೊಸದಾಗಿ ಹುಟ್ಟಲೇಬೇಕು. ಹುಟ್ಟು ಮೊದಲು ಎನ್ನುವ ಕಾಲ್ವಿನ್‌ ಪಕ್ಷದವರೂ ಸಂತೋಷದಿಂದ ಸಹಿ ಹಾಕಬಹುದಾದ ಮಾತು! ಇತ್ತ ಕಾಲ್ವಿನ್ ಹಾದಿಯ ಸಭೆಗಳೇ ಒಪ್ಪುವ 1561ರ ಬೆಲ್ಜಿಕ್ ವಿಶ್ವಾಸ ಪ್ರಮಾಣದ 24ನೇ ವಿಧಿ, ನಿಜವಾದ ನಂಬಿಕೆಯೇ ಮನುಷ್ಯನಿಗೆ ಹೊಸ ಹುಟ್ಟು ಕೊಟ್ಟು ಅವನನ್ನು ಹೊಸಬನನ್ನಾಗಿ ಮಾಡುತ್ತದೆ ಎನ್ನುತ್ತದೆ. ಆರ್ಮಿನಿಯಸ್‌ನ ಪಕ್ಷವನ್ನು ಖಂಡಿಸಿದ 1618–19ರ ಡಾರ್ಟ್ ಮಹಾಸಭೆ ಇದೇ ಪ್ರಮಾಣವನ್ನು ಎತ್ತಿ ಹಿಡಿಯಿತು. ಗೊಂದಲ ಪದದ ಅರ್ಥದಲ್ಲಿದೆ. ಬೆಲ್ಜಿಕ್ ಪ್ರಮಾಣಕ್ಕೆ ಹೊಸ ಹುಟ್ಟೆಂದರೆ ನಂಬಿದವನ ಬದುಕೆಲ್ಲ ಹೊಸದಾಗುವುದು. ಡಾರ್ಟ್‌ಗೆ ದೇವರು ಒಳಗೆ ಜೀವ ಊದುವ ಆ ಮೊದಲ ಕೆಲಸ. ಕಾಲ್ವಿನ್ ಸಹ ಬೆಲ್ಜಿಕ್ ಪ್ರಮಾಣದ ವಿಶಾಲ ಅರ್ಥದಲ್ಲೇ, ನಂಬಿಕೆಯಿಂದ ಹೊಸ ಹುಟ್ಟು ಎಂದು ಬರೆದವನು.

ಜಗಳದ ನಿಜವಾದ ಬೀಜ ಆ ಮನವಿಯ ನಾಲ್ಕನೆಯ ಅಂಶದಲ್ಲಿದೆ. ಕೃಪೆಯನ್ನು ಮನುಷ್ಯ ತಡೆಯಬಲ್ಲ ಎಂದು ಅಲ್ಲಿ ಬರೆದಿದ್ದಾರೆ. ಧೂಮ್ರವರ್ಣದ ವಸ್ತ್ರ ಮಾರುತ್ತಿದ್ದ ಲುದ್ಯಳ ಹೃದಯವನ್ನು ಕರ್ತನು ತೆರೆದನು, ಅವಳು ಪೌಲನ ಮಾತಿಗೆ ಲಕ್ಷ್ಯಕೊಟ್ಟಳು (ಅ. ಕೃತ್ಯಗಳು 16:14). ದೇವರು ಮೊದಲು ತೆರೆಯಬೇಕು ಎಂಬುದನ್ನು ಆರ್ಮಿನಿಯಸ್ ಕಡೆಯವನಾದ, ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯೂ ಒಪ್ಪುತ್ತಾನೆ; ಅವನು ಅದನ್ನು ಮುಂಚಿತವಾಗಿ ಬರುವ ಕೃಪೆ ಅನ್ನುತ್ತಾನೆ, ಹುಟ್ಟು ಅನ್ನುವುದಿಲ್ಲ. ತೆರೆದ ಮೇಲೂ ಲುದ್ಯಳು ಬೇಡ ಅನ್ನಬಹುದಿತ್ತೇ? ಅನ್ನಬಹುದಿತ್ತು ಎನ್ನುವವನಿಗೆ ನಂಬಿಕೆ ಮೊದಲು, ಅನ್ನುತ್ತಿರಲಿಲ್ಲ ಎನ್ನುವವನಿಗೆ ಹುಟ್ಟು ಮೊದಲು. ನಾನು ಎರಡನೆಯ ಕಡೆ ವಾಲುತ್ತೇನೆ. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುತ್ತೇನೆ ಎಂಬ ಯೆಹೆಜ್ಕೇಲ 36ರಲ್ಲಿ ಕಲ್ಲಿನ ಒಪ್ಪಿಗೆ ಕೇಳಿದ ಸುದ್ದಿಯೇ ಇಲ್ಲ.

ಉಳಿದಿರುವುದು ನಂಬಿಕೆಯನ್ನು ಬಾಯಿಬಿಟ್ಟು ಹೇಳಲಾಗದ ಹಸುಗೂಸುಗಳ ವಿಷಯ. ರಕ್ಷಣೆಗೆಂದು ದೇವರು ಆರಿಸಿಕೊಂಡ ಶಿಶುಗಳು ತೀರಿಕೊಂಡರೆ ಕ್ರಿಸ್ತನು ಆತ್ಮನ ಮೂಲಕ ಅವರಿಗೆ ಹೊಸ ಹುಟ್ಟು ಕೊಡುತ್ತಾನೆ ಎಂದು 1646ರ ವೆಸ್ಟ್‌ಮಿನ್‌ಸ್ಟರ್ ಪ್ರಮಾಣದ 10ನೇ ಅಧ್ಯಾಯ ಹೇಳುತ್ತದೆ. ಜರ್ಮನಿಯ ಸುಧಾರಕ ಲೂಥರ್ ಇನ್ನೂ ಧೈರ್ಯವಂತ: ಶಿಶುಗಳೂ ನಂಬುತ್ತವೆ ಅನ್ನುತ್ತಾನೆ. ಬುದ್ಧಿ ಬಲಿಯದ ಕೂಸಿಗೆ ನಂಬಿಕೆ ಇರಬಹುದಾದರೆ, ನಂಬಿಕೆ ಎಂದರೆ ಅರಿತು ಕೊಟ್ಟ ಒಪ್ಪಿಗೆ ಎಂದುಕೊಂಡೇ ಇವತ್ತು ವಾದ ಮಾಡಿದ ನಾವು ಇಬ್ಬದಿಯವರೂ ಮತ್ತೆ ಮೊದಲಿನಿಂದ ಕೂರಬೇಕಾಗುತ್ತದೆ.