ಈ ಆಲ್ಬಮ್‌ಗಳೆಲ್ಲ ನಿಮಗೆ ಎಲ್ಲಿ ಸಿಗುತ್ತವೆ?

ನಾನು ಯಾರಿಗಾದರೂ ಒಂದು ಹಾಡು ಕಳಿಸಿದರೆ, ಅದು ಅವರಿಗೆ ಹಿಡಿಸಿದರೆ, ಮುಂದಿನ ಮಾತು ಸಾಮಾನ್ಯವಾಗಿ ಇದೇ ಆಗಿರುತ್ತದೆ: "ಇಷ್ಟು ಚೆನ್ನಾಗಿದೆ, ನಾವು ಹೆಸರೇ ಕೇಳಿಲ್ವಲ್ಲ! ಎಲ್ಲಿಂದ ಹುಡುಕ್ತೀರಾ ಇದನ್ನೆಲ್ಲ?" ನಾನು ಜಾಸ್ತಿ ಕೇಳುವುದು ಪವರ್ ಪಾಪ್ ಮತ್ತು ಇಂಡೀ ಪಾಪ್. ಯಾರ ಗಮನಕ್ಕೂ ಬಾರದೆ ಉಳಿದುಹೋದ ಆಲ್ಬಮ್‌ಗಳು ಈ ಎರಡರಲ್ಲೂ ರಾಶಿ ರಾಶಿ ಇವೆ. ನನ್ನ ಉತ್ತರ ಸುಲಭದ್ದು. ಇಷ್ಟವಾದ ಹಾಡಿನ ಹಿಂದೆ ಯಾರ್ಯಾರು ಇದ್ದಾರೆ ಅಂತ ನೋಡುತ್ತೇನೆ. ಬರೆದವರು, ರೆಕಾರ್ಡ್ ಮಾಡಿದವರು, ಆಲ್ಬಮ್ ಹೊರತಂದ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ನಡೆಸಿದವರು. ಆಮೇಲೆ ಅವರು ಬೇರೆ ಏನು ಮಾಡಿದ್ದಾರೆ ಅಂತ ಹುಡುಕಿಕೊಂಡು ಹೋಗುತ್ತೇನೆ.

ಈ ಎರಡು ಹೆಸರು ಹೊಸದಾಗಿರುವವರಿಗೆ ಒಂದೆರಡು ಮಾತು. ಪವರ್ ಪಾಪ್ ಅಂದರೆ ಗಟ್ಟಿ ಗಿಟಾರ್, ಅದರ ಮೇಲೆ ಸಿಹಿಯಾದ ರಾಗ, ಜೊತೆಗೆ ಎರಡು ಮೂರು ದನಿ ಸೇರಿಸಿ ಹಾಡುವುದು. 1967ರಲ್ಲಿ ದಿ ಹೂ ತಂಡದ ಪೀಟ್ ಟೌನ್‌ಶೆಂಡ್ ತಮ್ಮ ಸಂಗೀತದ ಬಗ್ಗೆ ಹೇಳುವಾಗ ಈ ಹೆಸರು ಬಳಸಿದರು. ಇಂಡೀ ಪಾಪ್ ಇನ್ನಷ್ಟು ಮೆತ್ತಗಿರುತ್ತದೆ. ಸಣ್ಣ ಲೇಬಲ್, ಕಡಿಮೆ ದುಡ್ಡಿನ ರೆಕಾರ್ಡಿಂಗ್, ನಾಚಿಕೆಯಿಂದ ಹಾಡಿದಂತಿರುವ ದನಿ. ಎರಡರಲ್ಲೂ ರಾಗವೇ ಮುಖ್ಯ. ವಾದ್ಯ ನುಡಿಸುವ ಕೈಚಳಕ ತೋರಿಸುವುದಕ್ಕೆ ಇಲ್ಲಿ ಅಷ್ಟು ಜಾಗವಿಲ್ಲ.

ಹೆಸರು ಹಿಡಿದು ಹೋಗುವುದು ಅಂದರೆ ಹೇಗೆ? ಒಂದು ದಾರಿಯನ್ನೇ ಪೂರ್ತಿ ತೋರಿಸುತ್ತೇನೆ. ಬ್ಯಾಂಗಲ್ಸ್ ಬಹಳ ಜನರಿಗೆ ಗೊತ್ತಿರುವ ತಂಡ. 1986ರ ಅವರ 'ಡಿಫರೆಂಟ್ ಲೈಟ್' ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು. ಅದರಲ್ಲಿ 'ಸೆಪ್ಟೆಂಬರ್ ಗರ್ಲ್ಸ್' ಅಂತ ಒಂದು ಹಾಡಿದೆ. ಬರೆದವರ ಹೆಸರು ನೋಡಿದರೆ ಅಲೆಕ್ಸ್ ಚಿಲ್ಟನ್ ಅಂತಿರುತ್ತದೆ. ಯಾರಪ್ಪಾ ಇವರು ಅಂತ ಹುಡುಕಿದರೆ ಅಮೆರಿಕದ ಮೆಂಫಿಸ್‌ನ ಬಿಗ್ ಸ್ಟಾರ್ ತಂಡ ಸಿಗುತ್ತದೆ.

ಬಿಗ್ ಸ್ಟಾರ್ ಕಥೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಅವರ ಮೊದಲ ಆಲ್ಬಮ್ '#1 ರೆಕಾರ್ಡ್' 1972ರಲ್ಲಿ ಬಂತು. ವಿಮರ್ಶಕರು ಬಾಯಿ ತುಂಬಾ ಹೊಗಳಿದರು. ಆದರೆ ಅಂಗಡಿಗೆ ಹೋದವರಿಗೆ ಆಲ್ಬಮ್ ಸಿಗಲಿಲ್ಲ. ವಿತರಣೆ ಮಾಡಬೇಕಿದ್ದ ಸ್ಟ್ಯಾಕ್ಸ್ ಕಂಪನಿಗೆ ಅದನ್ನು ಅಂಗಡಿಗಳಿಗೆ ಸರಿಯಾಗಿ ತಲುಪಿಸಲು ಆಗಲಿಲ್ಲ. ಆಮೇಲೆ ಆ ಕೆಲಸ ಕೊಲಂಬಿಯಾ ಕಂಪನಿಯ ಕೈಗೆ ಹೋಯಿತು, ಆಗಲೂ ಏನೂ ಸುಧಾರಿಸಲಿಲ್ಲ. 1974ರ 'ರೇಡಿಯೋ ಸಿಟಿ'ಗೂ ಇದೇ ಗತಿಯಾಯಿತು. ಮೂರನೆಯದನ್ನು 1974ರಲ್ಲೇ ರೆಕಾರ್ಡ್ ಮಾಡಿದ್ದರು, ಅದು ಹೊರಬರಲು 1978 ಆಯಿತು. ಅಷ್ಟರಲ್ಲಿ ತಂಡವೇ ಇರಲಿಲ್ಲ.

ಹೆಸರಾಗದ ಆಲ್ಬಮ್ ಅಂದ ಕೂಡಲೇ ಅದು ಚೆನ್ನಾಗಿಲ್ಲದೆ ಬಿದ್ದುಹೋಗಿರಬೇಕು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಎಷ್ಟೋ ಸಲ ಹಾಡಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಲೇಬಲ್ ಮುಚ್ಚಿರುತ್ತದೆ, ಒಪ್ಪಂದ ಮುರಿದಿರುತ್ತದೆ, ಡಬ್ಬಗಳು ಗೋದಾಮಿನಲ್ಲೇ ಉಳಿದಿರುತ್ತವೆ. ಟಲ್ಸಾದ ಡ್ವೈಟ್ ಟ್ವಿಲ್ಲಿ ಬ್ಯಾಂಡ್‌ನ ಮೊದಲ ಹಾಡು 1975ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 16ನೇ ಸ್ಥಾನಕ್ಕೆ ಏರಿತ್ತು. ಲೇಬಲ್ಲಿನ ಜಗಳಗಳಿಂದಾಗಿ 'ಸಿನ್ಸಿಯರ್ಲಿ' ಆಲ್ಬಮ್ 1976ರವರೆಗೆ ಬರಲೇ ಇಲ್ಲ. ಅಷ್ಟು ಹೊತ್ತಿಗೆ ಹಾಡು ಜನರ ನೆನಪಿನಿಂದ ಜಾರಿತ್ತು. ಎಮಿಟ್ ರೋಡ್ಸ್ ಕಥೆ ಕೇಳಿದರೆ ಸಂಕಟವಾಗುತ್ತದೆ. ಕ್ಯಾಲಿಫೋರ್ನಿಯಾದ ಹಾಥಾರ್ನ್‌ನಲ್ಲಿ, ಮನೆಯಲ್ಲೇ, ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ, ಎಲ್ಲ ದನಿಗಳನ್ನೂ ತಾವೇ ಹಾಡಿ 1970ರಲ್ಲಿ ತಮ್ಮ ಹೆಸರಿನ ಆಲ್ಬಮ್ ತಂದರು. ಒಪ್ಪಂದದ ಪ್ರಕಾರ ಆರು ತಿಂಗಳಿಗೊಂದು ಆಲ್ಬಮ್ ಕೊಡಬೇಕಿತ್ತು. ಒಬ್ಬರೇ ಕೂತು ಅಷ್ಟು ಬೇಗ ಮಾಡುವುದು ಹೇಗೆ? ಕೊಡಲಾಗದೆ ಇದ್ದದ್ದಕ್ಕೆ ಕಂಪನಿ ಅವರ ಮೇಲೆ ಕೇಸು ಹಾಕಿತು. 1973ರ ನಂತರ ಅವರ ಮುಂದಿನ ಆಲ್ಬಮ್ ಬಂದದ್ದು 2016ರಲ್ಲಿ.

ದಾರಿಗೆ ವಾಪಸ್ ಬರುತ್ತೇನೆ. ಬಿಗ್ ಸ್ಟಾರ್‌ನಲ್ಲಿ ಚಿಲ್ಟನ್ ಜೊತೆ ಹಾಡು ಬರೆಯುತ್ತಿದ್ದವರು ಕ್ರಿಸ್ ಬೆಲ್. ಮೊದಲ ಆಲ್ಬಮ್ ಸೋತ ಮೇಲೆ ಅವರು ತಂಡ ಬಿಟ್ಟರು. 1978ರಲ್ಲಿ ಅವರ ಒಂದು ಸಿಂಗಲ್ (ಆಲ್ಬಮ್ ಅಲ್ಲದೆ ಬಿಡಿಯಾಗಿ ಬರುವ ಹಾಡು) ಬಂತು, 'ಐ ಆ್ಯಮ್ ದ ಕಾಸ್ಮಾಸ್'. ಅದೇ ವರ್ಷ ಡಿಸೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 27 ವರ್ಷ. ಅವರ ಹಾಡುಗಳು ಆಲ್ಬಮ್ ಆಗಿ ಬಂದದ್ದು 1992ರಲ್ಲಿ. ಈಗ ಆ ಸಿಂಗಲ್‌ನ ಲೇಬಲ್ ನೋಡಿ: ಕಾರ್ ರೆಕಾರ್ಡ್ಸ್. ತೀರಾ ಪುಟ್ಟ ಲೇಬಲ್. ಅದನ್ನು ನಡೆಸುತ್ತಿದ್ದವರು ಕ್ರಿಸ್ ಸ್ಟೇಮಿ ಅನ್ನುವ ಯುವಕ. ಅವರು ಆಮೇಲೆ ಪೀಟರ್ ಹೋಲ್ಸ್ಯಾಪಲ್ ಜೊತೆ ಸೇರಿ ಡಿಬೀಸ್ ತಂಡದಲ್ಲಿ ಹಾಡಿದರು.

ಡಿಬೀಸ್‌ನ ಮೊದಲ ಆಲ್ಬಮ್ 'ಸ್ಟ್ಯಾಂಡ್ಸ್ ಫಾರ್ ಡೆಸಿಬೆಲ್ಸ್' 1981ರದ್ದು. ನನ್ನನ್ನು ಕೇಳಿದರೆ ಇಡೀ ಪವರ್ ಪಾಪ್‌ನಲ್ಲೇ ಇಷ್ಟು ಚುರುಕಾದ ಆಲ್ಬಮ್ ಅಪರೂಪ. ಸ್ಟೇಮಿಯ ಹಾಡುಗಳು ಎಲ್ಲೆಲ್ಲೋ ತಿರುಗಿ ಅಚ್ಚರಿ ಹುಟ್ಟಿಸುತ್ತವೆ, ಹೋಲ್ಸ್ಯಾಪಲ್ ಹಾಡುಗಳು ನೇರವಾಗಿ ಎದೆಗೆ ತಾಗುತ್ತವೆ. ಇವರು ಅಮೆರಿಕದವರು, ಇದ್ದದ್ದು ನ್ಯೂಯಾರ್ಕ್‌ನಲ್ಲಿ. ಆಲ್ಬಮ್ ಬಿಡುಗಡೆಯಾದದ್ದು ಮಾತ್ರ ಬ್ರಿಟನ್ನಿನ ಲೇಬಲ್‌ನಿಂದ. ಅವರದೇ ದೇಶದಲ್ಲಿ ಆಗ ಅದು ಬರಲಿಲ್ಲ!

ಸ್ಟೇಮಿ, ಹೋಲ್ಸ್ಯಾಪಲ್ ಇಬ್ಬರೂ ಬೆಳೆದದ್ದು ನಾರ್ತ್ ಕೆರೊಲಿನಾದ ವಿನ್ಸ್‌ಟನ್-ಸೇಲಂ ಊರಲ್ಲಿ. ಚಿಕ್ಕಂದಿನಿಂದ ಅವರ ಜೊತೆ ನುಡಿಸುತ್ತಿದ್ದ ಇನ್ನೊಬ್ಬರು ಮಿಚ್ ಈಸ್ಟರ್. ಈಸ್ಟರ್ ತಮ್ಮ ಅಪ್ಪ ಅಮ್ಮನ ಮನೆಯ ಗ್ಯಾರೇಜಿನಲ್ಲಿ ಸ್ಟುಡಿಯೋ ಮಾಡಿಕೊಂಡರು. ಆರ್‌ಇಎಂ ತಂಡದ ಮೊದಲ ಸಿಂಗಲ್ ರೆಕಾರ್ಡ್ ಆದದ್ದು ಅಲ್ಲೇ. 1983ರ 'ಮರ್ಮರ್' ಆಲ್ಬಮ್ಮಿಗೂ ಡಾನ್ ಡಿಕ್ಸನ್ ಜೊತೆ ಅವರೇ ನಿರ್ಮಾಪಕರು. ಅಂದರೆ ಆರ್‌ಇಎಂ ಇಷ್ಟಪಡುವ ಯಾರಾದರೂ ಈಸ್ಟರ್ ಹೆಸರು ಹಿಡಿದರೆ ಸಾಕು. ಅವರದೇ ತಂಡ ಲೆಟ್ಸ್ ಆ್ಯಕ್ಟಿವ್ ಸಿಗುತ್ತದೆ. ಅವರು ಆಲ್ಬಮ್‌ಗಳನ್ನು ನಿರ್ಮಿಸಿಕೊಟ್ಟ ಗೇಮ್ ಥಿಯರಿ ತಂಡ ಸಿಗುತ್ತದೆ.

ಗೇಮ್ ಥಿಯರಿ ತಂಡದ ಸ್ಕಾಟ್ ಮಿಲ್ಲರ್ ಬಗ್ಗೆ ನನಗೆ ವಿಶೇಷ ಪ್ರೀತಿ. 1987ರ ಅವರ 'ಲೊಲಿಟಾ ನೇಶನ್' ಎರಡು ಎಲ್‌ಪಿಗಳ ದೊಡ್ಡ ಆಲ್ಬಮ್. ಅದರಲ್ಲಿ ಅದ್ಭುತವಾದ ಪಾಪ್ ಹಾಡುಗಳೂ ಇವೆ, ಕೆಲವೇ ಸೆಕೆಂಡುಗಳ ವಿಚಿತ್ರ ತುಣುಕುಗಳೂ ಇವೆ. ಲೇಬಲ್ ಮುಚ್ಚಿದ ಮೇಲೆ ಅದು ವರ್ಷಗಟ್ಟಲೆ ಎಲ್ಲೂ ಸಿಗುತ್ತಿರಲಿಲ್ಲ. ಮಿಲ್ಲರ್ 2013ರಲ್ಲಿ ತೀರಿಕೊಂಡರು. ಆಲ್ಬಮ್ ಮತ್ತೆ ಹೊರಬಂದದ್ದು 2016ರಲ್ಲಿ, ಒಮ್ನಿವೋರ್ ಲೇಬಲ್‌ನಿಂದ. ಜನ ಅದನ್ನು ಮತ್ತೆ ಕೇಳುವುದನ್ನು ನೋಡಲು ಅವರು ಇರಬೇಕಿತ್ತು.

ಬ್ಯಾಂಗಲ್ಸ್‌ನಿಂದ ಹೊರಟು ನಾಲ್ಕೈದು ಹೆಸರುಗಳಲ್ಲಿ ನಾವು ಇಲ್ಲಿಗೆ ಬಂದೆವು. ಆ್ಯಪ್‌ಗಳು ಸೂಚಿಸುವ ಹಾಡುಗಳ ಮೇಲೆ ನನಗೆ ದ್ವೇಷವಿಲ್ಲ, ಅವೂ ಒಮ್ಮೊಮ್ಮೆ ಒಳ್ಳೆಯದನ್ನು ತಂದುಕೊಡುತ್ತವೆ. ಆದರೆ ಇದನ್ನು ಕೇಳಿದವರು ಇನ್ನೇನು ಕೇಳಿದರು ಅನ್ನುವುದರ ಮೇಲೆಯೇ ಅವು ಹೆಚ್ಚಾಗಿ ನಡೆಯುತ್ತವೆ. ಯಾರೂ ಕೇಳದ ಆಲ್ಬಮ್ ಆ ಲೆಕ್ಕಕ್ಕೆ ಬರುವುದೇ ಕಷ್ಟ. ಕ್ರಿಸ್ ಬೆಲ್‌ನ ಸಿಂಗಲ್ ಹೊರತಂದವನು ತಾನೂ ಹಾಡು ಬರೆಯುತ್ತಿದ್ದ ಅನ್ನುವ ಸಂಗತಿ ಆ ಲೆಕ್ಕದೊಳಗೆ ಎಲ್ಲಿರುತ್ತದೆ?

ಬೇರೆಯವರ ಹಾಡನ್ನು ಹಾಡಿರುವ ಹೆಸರಾಂತ ತಂಡಗಳು ಒಳ್ಳೆಯ ಆರಂಭ. ಬ್ಲಾಂಡಿ 1978ರಲ್ಲಿ ಹಾಡಿದ 'ಹ್ಯಾಂಗಿಂಗ್ ಆನ್ ದ ಟೆಲಿಫೋನ್' ಮೂಲತಃ ನರ್ವ್ಸ್ ಅನ್ನುವ ಮೂವರ ತಂಡದ್ದು. ಬರೆದವರು ಜ್ಯಾಕ್ ಲೀ. ಉಳಿದಿಬ್ಬರಲ್ಲಿ ಪೀಟರ್ ಕೇಸ್ ಮುಂದೆ ಪ್ಲಿಮ್‌ಸೋಲ್ಸ್ ತಂಡ ಕಟ್ಟಿದರು, ಪಾಲ್ ಕಾಲಿನ್ಸ್ ಬೀಟ್ ಅನ್ನುವ ತಂಡ ಕಟ್ಟಿದರು. ಎರಡೂ ಕೇಳಲೇಬೇಕಾದ ತಂಡಗಳು.

ಇಂಡೀ ಪಾಪ್‌ನಲ್ಲಿ ಮಾತ್ರ ನಾನು ಮೊದಲು ಲೇಬಲ್ ನೋಡುತ್ತೇನೆ. ಅಲ್ಲಿ ಲೇಬಲ್ ಅಂದರೆ ಒಬ್ಬಿಬ್ಬರ ಅಭಿರುಚಿ, ಅಷ್ಟೇ. ಇಂಗ್ಲೆಂಡಿನ ಬ್ರಿಸ್ಟಲ್‌ನ ಸಾರಾ ರೆಕಾರ್ಡ್ಸ್ ಅನ್ನು ಕ್ಲೇರ್ ವಾಡ್ ಮತ್ತು ಮ್ಯಾಟ್ ಹೇನ್ಸ್ 1987ರಲ್ಲಿ ಶುರುಮಾಡಿದರು. ಆಗಿನ ಸಂಗೀತ ಪತ್ರಿಕೆಗಳು ಅವರನ್ನು ಬಹಳ ಗೇಲಿ ಮಾಡಿದವು, ಇದು ಸಪ್ಪೆ, ಪುಕ್ಕಲರ ಸಂಗೀತ ಅನ್ನುವ ಹಾಗೆ. ಅವರು ತಲೆ ಕೆಡಿಸಿಕೊಳ್ಳಲಿಲ್ಲ. 1995ರಲ್ಲಿ ನೂರನೇ ನಂಬರಿನ ಬಿಡುಗಡೆಗೆ ತಲುಪಿದಾಗ ತಾವಾಗಿಯೇ ನಿಲ್ಲಿಸಿದರು. ಫೀಲ್ಡ್ ಮೈಸ್, ಆರ್ಕಿಡ್ಸ್, ಹೆವನ್ಲಿ ಎಲ್ಲ ಅಲ್ಲಿಯವರೇ. ಹೆವನ್ಲಿಯ ಗಾಯಕಿ ಅಮೀಲಿಯಾ ಫ್ಲೆಚರ್ ಒಬ್ಬರ ಹೆಸರು ಹಿಡಿದರೆ ಹಿಂದಕ್ಕೆ ಟಲೂಲಾ ಗಾಶ್, ಮುಂದಕ್ಕೆ ಮರೀನ್ ರಿಸರ್ಚ್, ಟೆಂಡರ್ ಟ್ರ್ಯಾಪ್ ಅಂತ ದಶಕಗಳ ಸಂಗೀತ ಸಿಗುತ್ತದೆ. ನ್ಯೂಜಿಲೆಂಡ್‌ನ ಫ್ಲೈಯಿಂಗ್ ನನ್ ಕೂಡ ಹೀಗೆಯೇ. 1981ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ರೋಜರ್ ಶೆಪರ್ಡ್ ಶುರುಮಾಡಿದ್ದು. ಕ್ಲೀನ್ ತಂಡದ ರಾಬರ್ಟ್ ಸ್ಕಾಟ್ ಕಟ್ಟಿದ ಬ್ಯಾಟ್ಸ್‌ನ 'ಡ್ಯಾಡೀಸ್ ಹೈವೇ' (1987) ನಾನು ಎಲ್ಲರಿಗೂ ಕೇಳಿಸುವ ಆಲ್ಬಮ್.

ಹಾಡುಗಳ ಸಂಗ್ರಹಗಳೂ ಬಹಳ ಉಪಯೋಗಕ್ಕೆ ಬರುತ್ತವೆ. ಬ್ರಿಟನ್ನಿನ ಸಂಗೀತ ಪತ್ರಿಕೆ ಎನ್‌ಎಂಇ 1986ರಲ್ಲಿ ತಂದ 'ಸಿ86' ಕ್ಯಾಸೆಟ್‌ನಲ್ಲಿ 22 ತಂಡಗಳಿವೆ. ರೈನೋ ಲೇಬಲ್ 1997ರಲ್ಲಿ ತಂದ 'ಪಾಪ್‌ಟೋಪಿಯಾ'ದ ಮೂರು ಭಾಗಗಳು ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕಗಳಿಗೆ ಒಂದೊಂದು. ಕೇಳಿ, ಇಷ್ಟವಾದ ಹೆಸರು ಬರೆದಿಟ್ಟುಕೊಳ್ಳಿ.

ಒಂದು ಎಚ್ಚರಿಕೆ ಹೇಳಲೇಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ. ಯಾರಿಗೂ ಗೊತ್ತಿಲ್ಲ ಅನ್ನುವ ಕಾರಣಕ್ಕೇ ಒಂದು ಆಲ್ಬಮ್ ದೊಡ್ಡದಾಗುವುದಿಲ್ಲ. ಪವರ್ ಪಾಪ್‌ನಲ್ಲಿ ಬೀಟಲ್ಸ್ ತರಹದ ಗಿಟಾರ್ ಸದ್ದು, ಬೀಟಲ್ಸ್ ತರಹದ ಉಡುಪು ಎಲ್ಲ ಇದ್ದು, ಒಂದೂ ಹಾಡು ನೆನಪಲ್ಲಿ ಉಳಿಯದ ಆಲ್ಬಮ್‌ಗಳು ಬೇಕಾದಷ್ಟಿವೆ. ಇಂಡೀ ಪಾಪ್‌ನಲ್ಲಿ ಸುಮ್ನೆ ಮುದ್ದುಮುದ್ದಾಗಿ ಹಾಡಿ ಮುಗಿಸಿದವರೂ ಇದ್ದಾರೆ. ನಾನು ಒಂದು ಆಲ್ಬಮ್ ಕೇಳಿ ಎರಡು ದಿನ ಬಿಡುತ್ತೇನೆ. ಆಗ ಅದರ ಯಾವುದಾದರೂ ರಾಗ ತಾನಾಗಿ ಬಾಯಿಗೆ ಬಂದರೆ ಮತ್ತೆ ಹಾಕುತ್ತೇನೆ. ರೆಕಾರ್ಡಿಂಗ್ ಮಂಕಾಗಿದೆ ಅಂತ ಮಾತ್ರ ಯಾವುದನ್ನೂ ಬಿಡಬೇಡಿ. ಇಲಿನಾಯ್‌ನ ಝಯಾನ್ ಊರಿನ ಶೂಸ್ ತಂಡ 1977ರ 'ಬ್ಲ್ಯಾಕ್ ವೈನಿಲ್ ಶೂಸ್' ಆಲ್ಬಮ್ ಅನ್ನು ಮನೆಯಲ್ಲೇ, ನಾಲ್ಕು ಟ್ರ್ಯಾಕ್‌ಗಳ ಟೇಪ್ ಯಂತ್ರದಲ್ಲಿ ಮಾಡಿತು. ಆ ಮಸುಕಾದ ಸದ್ದು, ಪಿಸುಗುಟ್ಟುವ ದನಿಗಳು ಇಲ್ಲದಿದ್ದರೆ ಆ ಹಾಡುಗಳು ಅಷ್ಟು ಕಾಡುತ್ತಿರಲಿಲ್ಲ.

ಎಲ್ಲಿಂದ ಶುರುಮಾಡಲಿ ಅಂತ ಕೇಳುವವರಿಗೆ: ಬಿಗ್ ಸ್ಟಾರ್‌ನ ಮೂರನೆಯ ಆಲ್ಬಮ್‌ನಿಂದ ಬೇಡ. ಅದು ತುಂಬಾ ಒಡೆದುಹೋದ, ಕತ್ತಲೆಯ ಆಲ್ಬಮ್. ಮೊದಲೆರಡು ಇಷ್ಟವಾದ ಮೇಲೆ ಅದಕ್ಕೆ ಹೋಗಿ. 'ರೇಡಿಯೋ ಸಿಟಿ' ಮತ್ತು 'ಸ್ಟ್ಯಾಂಡ್ಸ್ ಫಾರ್ ಡೆಸಿಬೆಲ್ಸ್' ಒಂದೇ ವಾರದಲ್ಲಿ ಕೇಳಿ. ಎರಡರಲ್ಲಿ ಯಾವುದು ಹಿಡಿಸಿತು ಅಂತ ನನಗೆ ಹೇಳಿ. ಮೊದಲನೆಯದಾದರೆ ಕ್ರಿಸ್ ಬೆಲ್ ಕಳಿಸುತ್ತೇನೆ, ಎರಡನೆಯದಾದರೆ ಗೇಮ್ ಥಿಯರಿ.