ಹಳೆಯ ಬಾಕಿ, ಹೊಸ ಮೋಟಾರು

ಚಿಕ್ಕಮಗಳೂರು
ಫೆಬ್ರವರಿ 18, 2025, ಮಂಗಳವಾರ

ಇದೇ 20ರೊಳಗೆ ಜನವರಿ ತಿಂಗಳ ಜಿ.ಎಸ್.ಟಿ. ಕಟ್ಟಬೇಕಾಗಿರುವುದರಿಂದ ಶಾರದೆ ಊಟವಾದ ಮೇಲೆ ಬಿಲ್ ಪುಸ್ತಕಗಳನ್ನು ಹರಡಿಕೊಂಡು ಕುಳಿತಿದ್ದಾಳೆ. ಈ ತೆರಿಗೆಯ ಲೆಕ್ಕದಲ್ಲಿ ನಾವು ಬಿಲ್ಲು ಬರೆದ ದಿನಕ್ಕೆ ಬೆಲೆಯುಂಟು, ಗಿರಾಕಿ ಹಣ ಕೊಟ್ಟ ದಿನಕ್ಕಿಲ್ಲ. ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿಕೊಡುವ ನಮ್ಮ ಅಂಗಡಿಯ ವೈಂಡಿಂಗ್ ಕೆಲಸಕ್ಕೆ ಶೇ. 18 ಸೇರಿಸಿ ಬಿಲ್ಲು ಹರಿದುಕೊಟ್ಟೆವೆಂದರೆ, ಮುಂದಿನ ತಿಂಗಳು ಆ ಹಣ ನಮ್ಮ ಖಾತೆಯಿಂದ ಹೋಗಲೇಬೇಕು. ಆಲ್ದೂರಿನ ಆಚೆಯ ದೊಡ್ಡ ತೋಟವೊಂದಕ್ಕೆ ಕಳೆದ ಮಾರ್ಚಿನಲ್ಲಿ ಬರೆದ ಬಿಲ್ಲು 38,350 ರೂಪಾಯಿ. ಅದರಲ್ಲಿ ತೆರಿಗೆಯೇ 5,850. ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದ್ದೇವೆ, ಬಿಲ್ಲಿನ ಹಣ ಇವತ್ತಿಗೂ ಬಂದಿಲ್ಲ. ಅವರ ಮೋಟಾರುಗಳನ್ನು ನಮ್ಮ ತಾಮ್ರದಲ್ಲಿ ಸುತ್ತಿಕೊಟ್ಟು, ಅದಕ್ಕೆ ಅವರು ಕೊಡಬೇಕಾಗಿದ್ದ ತೆರಿಗೆಯನ್ನೂ ನಾವೇ ಸರ್ಕಾರಕ್ಕೆ ಒಪ್ಪಿಸಿದಂತಾಯಿತು.

ಆ ತೋಟದ ಲೆಕ್ಕ ಬರೆಯುವ ರೈಟರು ಇವತ್ತು ಬಂದಿದ್ದರು. ಪಿಕಪ್ಪಿನ ಹಿಂದೆ ಹತ್ತು ಎಚ್.ಪಿ.ಯ ಸುಟ್ಟ ಮೋಟಾರು. ಮಂಜ ಅದರ ಮುಚ್ಚಳ ಬಿಚ್ಚುವುದಕ್ಕೆ ಮೊದಲೇ ಬೆಂದ ವಾರ್ನಿಶ್ಶಿನ ವಾಸನೆ ಅಂಗಡಿಯನ್ನೆಲ್ಲ ತುಂಬಿತ್ತು. ಕರೆಂಟಿನ ಮೂರು ಫೇಸುಗಳಲ್ಲಿ ಒಂದು ಹೋಗಿದ್ದಾಗಲೂ ಓಡಿಸಿದ್ದಾರೆಂದು ಕಾಯಿಲುಗಳನ್ನು ನೋಡಿದರೇ ತಿಳಿಯುತ್ತಿತ್ತು. ಹಳೆಯ ಬಾಕಿ ಇರುವುದು ಅವರಿಗೂ ಗೊತ್ತು, ನನಗೂ ಗೊತ್ತು, ಮೋಟಾರನ್ನು ಇಳಿಸಿಕೊಂಡ ಮಂಜನಿಗೂ ಗೊತ್ತು. ಆದರೂ ಮಾತು ಕಾಫಿಯ ಹೂವು ಅರಳಿಸುವ ಹೂಮಳೆಯಿಂದ ಶುರುವಾಗಿ, ಕಾಳುಮೆಣಸಿಗೆ ಹೋಗಿ, ಅಲ್ಲಿಂದ ಆಳುಗಳು ಸಿಗದಿರುವುದರ ಕಡೆಗೆ ತಿರುಗಿ, ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆಯೇ ವಿಷಯಕ್ಕೆ ಬಂತು.

"ಗುರುವಾರಕ್ಕೆ ಆಗಲೇಬೇಕು ಅಣ್ಣ. ಕೆರೆ ಮೇಲಿನ ರೊಬಸ್ಟಾ ಕಾಫಿ ಬ್ಲಾಕಿಗೆ ಜೆಟ್ಟಿನಲ್ಲಿ ನೀರು ಹಾರಿಸುವುದು ಅರ್ಧಕ್ಕೆ ನಿಂತಿದೆ. ಇನ್ನರ್ಧಕ್ಕೆ ನೀರು ಬೀಳದಿದ್ದರೆ ಸಾವುಕಾರರು ನನ್ನನ್ನು ಉಳಿಸುವುದಿಲ್ಲ."

"ಹೋದ ವರ್ಷದ್ದು ಏನು ಮಾಡಿದಿರಿ ರೈಟ್ರೇ?"

"ಅದು ಎಲ್ಲಿ ಹೋಗುತ್ತದೆ ಅಣ್ಣ? ಸಾವುಕಾರರು ಇನ್ನೂ ಮಾಲು ಬಿಟ್ಟಿಲ್ಲ."

ಈ ಉತ್ತರವನ್ನು ನಾನು ನಿರೀಕ್ಷಿಸಿಯೇ ಇದ್ದೆ. ಕಾಫಿಗೆ ಬೆಲೆ ಬಿದ್ದಿದ್ದ ವರ್ಷಗಳಲ್ಲಿ, ಈ ರೇಟಿಗೆ ಮಾರಿದರೆ ಆಳಿನ ಖರ್ಚೂ ಹುಟ್ಟುವುದಿಲ್ಲ, ಸ್ವಲ್ಪ ತಡೆಯಿರಿ ಎಂದು ಹೇಳುತ್ತಿದ್ದರು. ಈಗ ಹಿಂದೆಂದೂ ಕಾಣದ ಬೆಲೆ ಬಂದಿದೆ. ಇನ್ನೂ ಏರಬಹುದೆಂದು ಚೀಲಗಳು ಗೋದಾಮಿನಲ್ಲಿಯೇ ಇವೆ, ಆದ್ದರಿಂದ ಈಗಲೂ ತಡೆಯಬೇಕು. ಬೆಳೆಗಾರರ ಕಷ್ಟ ನನಗೆ ತಿಳಿಯದ್ದಲ್ಲ, ನಾನು ಈ ಸೀಮೆಯಲ್ಲೇ ಹುಟ್ಟಿದವನು. ಆದರೆ ಬೆಲೆ ಇಳಿದಾಗ ಅವರ ನಷ್ಟದಲ್ಲಿ ಪಾಲು ಕೊಡುವ ನನಗೆ, ಬೆಲೆ ಏರಿದಾಗ ಲಾಭದಲ್ಲಿ ಪಾಲು ಬೇಡ, ನನ್ನ ಕೂಲಿಯಾದರೂ ಬೇಡವೇ? ತಾಮ್ರದ ತಂತಿ ಕೊಡುವವನು ನನ್ನಿಂದ ನಗದು ಎಣಿಸಿಕೊಳ್ಳದೆ ಸುರುಳಿಯನ್ನು ಕೈಗೆ ಕೊಡುವುದಿಲ್ಲ.

ಒಂದು ವಿಚಿತ್ರವನ್ನು ಇಲ್ಲಿ ಬರೆದಿಡಬೇಕು. ಈ ತಿಂಗಳಲ್ಲಿ ಮೋಟಾರು ಸುಟ್ಟವರಿಗಿಂತ ಅವಸರದಲ್ಲಿರುವವರು ಜಿಲ್ಲೆಯಲ್ಲಿ ಯಾರೂ ಇರುವುದಿಲ್ಲ. ರೊಬಸ್ಟಾಕ್ಕೆ ನೀರು ಬಿದ್ದ ಎಂಟು ಹತ್ತು ದಿನಕ್ಕೆ ಹೂವು ಅರಳುತ್ತದೆ. ನೀರು ಸಾಲದೆ ಹೋದರೆ ಮೊಗ್ಗು ಸರಿಯಾಗಿ ಅರಳದೆ ಮುಂದಿನ ವರ್ಷದ ಫಸಲಿಗೇ ಪೆಟ್ಟು. ಹೂವು ಬಿದ್ದ ಮೇಲೆ ಎರಡನೆಯ ನೀರು, ಅದಕ್ಕೂ ಇದೇ ಮೋಟಾರು ಬೇಕು. ಹೀಗೆ ಫೆಬ್ರವರಿ, ಮಾರ್ಚಿನಲ್ಲಿ ರಾತ್ರಿ ಹನ್ನೊಂದಕ್ಕೂ ಫೋನು ಮಾಡಿ "ಅಣ್ಣ, ಆಯಿತಾ?" ಎಂದು ಕೇಳುವವರು, ಒಂದು ಒಳ್ಳೆಯ ಮಳೆ ಬಿದ್ದ ಮರುದಿನದಿಂದ ನನ್ನ ಫೋನನ್ನು ಎತ್ತುವುದಿಲ್ಲ. ನಮ್ಮ ಕೆಲಸಕ್ಕೆ ಬೆಲೆ ಇರುವುದು ಮೋಟಾರು ಅಂಗಡಿಯಲ್ಲಿ ಇರುವಷ್ಟು ದಿನ ಮಾತ್ರ.

ಆದ್ದರಿಂದ ಇವತ್ತು ಗಟ್ಟಿಯಾಗಿಯೇ ಹೇಳಿದೆ. ಈ ಕೆಲಸಕ್ಕೆ ಅಂದಾಜು ಹನ್ನೊಂದೂವರೆ ಸಾವಿರ, ತೆರಿಗೆ ಬೇರೆ. ತಾಮ್ರಕ್ಕೂ ಬೇರಿಂಗಿಗೂ ಆರು ಸಾವಿರ ಈಗಲೇ ಬರಬೇಕು, ಉಳಿದದ್ದನ್ನು ಕೊಟ್ಟ ಮೇಲೆ ಮೋಟಾರು ಎತ್ತಬಹುದು. ಹಳೆಯ ಬಾಕಿ ಇಷ್ಟು ಎಂದು ಶಾರದೆ ಒಂದು ಹಾಳೆಯಲ್ಲಿ ಬಿಲ್ಲಿನ ನಂಬರು, ತಾರೀಖು ಸಮೇತ ಬರೆದಿಟ್ಟಿದ್ದಳು. ಅದರ ಕೆಳಗೆ ಒಪ್ಪಿಗೆಯ ಸಹಿ ಬೇಕು ಎಂದೆ.

ರೈಟರು ಪೆನ್ನು ತೆಗೆದುಕೊಂಡರು. ಹಾಳೆಯನ್ನು ಮೇಜಿನ ಮೇಲೆ ನೇರ ಮಾಡಿಟ್ಟು, ಮೇಲಿನಿಂದ ಕೆಳಗೆ ನಿಧಾನವಾಗಿ ಓದಿ, ಮೊತ್ತದ ಮೇಲೆ ಪೆನ್ನಿನ ತುದಿಯನ್ನು ಇಟ್ಟು ಮತ್ತೊಮ್ಮೆ ಕೂಡಿ ನೋಡಿದರು. ವಾರ ವಾರ ಆಳುಗಳ ಬಟವಾಡೆ ಬರೆಯುವ ಕೈ ಅದು, ಲೆಕ್ಕ ತಪ್ಪುವುದಿಲ್ಲ. "ಸರಿಯಾಗಿದೆ ಅಣ್ಣ" ಎಂದವರು, ಪೆನ್ನಿನ ಮುಚ್ಚಳ ಹಾಕಿ ಹಾಳೆಯನ್ನು ಹಾಗೆಯೇ ನನ್ನ ಕಡೆಗೆ ತಳ್ಳಿದರು. "ನಾನು ಸಂಬಳದವನು. ನನ್ನ ಸಹಿ ನಿಮ್ಮ ಕೆಲಸಕ್ಕೆ ಬರುವುದಿಲ್ಲ, ನನ್ನ ಕೆಲಸಕ್ಕೆ ಕುತ್ತು ಬರುತ್ತದೆ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೆಂಗಳೂರಿನಲ್ಲಿರುವ ಸಾವುಕಾರರಿಗೆ ಅವರ ಫೋನಿನಿಂದಲೇ ಮಾತನಾಡಿದೆ. ಬಹಳ ಮರ್ಯಾದಸ್ಥರು, ಮನೆಯವರನ್ನೆಲ್ಲ ವಿಚಾರಿಸಿದರು. ಆರು ಸಾವಿರ ನಾನು ಫೋನು ಕೆಳಗಿಡುವಷ್ಟರಲ್ಲಿ ಖಾತೆಗೆ ಬಂತು. ಹಳೆಯದರ ಮಾತೆತ್ತಿದಾಗ, "ನಾನು ಇಲ್ಲ ಅಂದಿಲ್ಲವಲ್ಲ? ಮಾರ್ಚ್ ಕಳೆಯಲಿ, ಕೂತು ಲೆಕ್ಕ ನೋಡೋಣ" ಎಂದರು. ನೋಡುವುದಕ್ಕೆ ಅದರಲ್ಲಿ ಯಾವ ಲೆಕ್ಕವೂ ಇಲ್ಲ, ಇರುವುದು ಒಂದೇ ಬಿಲ್ಲು. ಆದರೆ ಕೊಡುವುದಿಲ್ಲ ಎಂದು ಹೇಳದವರ ಜೊತೆ ಜಗಳವಾಡುವುದು ಹೇಗೆ? ಕೊಡುವುದಿಲ್ಲ ಎಂದವರನ್ನು ಕೋರ್ಟಿಗೆ ಎಳೆಯಬಹುದು, ಕೊಡುತ್ತೇನೆ ಎನ್ನುವವರನ್ನು ಕಾಯಬೇಕು.

ಸಂಜೆ ಹಾಸನದಲ್ಲಿರುವ ನನ್ನ ಷಡ್ಡಕನಿಗೆ ಫೋನು ಮಾಡಿದೆ. ಅವನು ಆಡಿಟರ್ ಕಚೇರಿಯಲ್ಲಿ ವರ್ಷಗಳಿಂದ ಇರುವವನು, ಕಲಂಗಳನ್ನು ಬಾಯಿಪಾಠದಲ್ಲಿ ಇಟ್ಟುಕೊಂಡಿದ್ದಾನೆ. ಹಳೆಯ ಬಾಕಿ ತೀರುವ ತನಕ ಈ ಮೋಟಾರನ್ನು ಕೊಡದೆ ಇಟ್ಟುಕೊಂಡರೆ ಹೇಗೆ ಎಂದು ಕೇಳಿದೆ. ಆಗುವುದಿಲ್ಲ ಎಂದ. 1872ರ ಕರಾರು ಕಾಯಿದೆಯ 170ನೇ ಕಲಮಿನಂತೆ, ರಿಪೇರಿಗೆ ಬಂದ ವಸ್ತುವನ್ನು ಅದೇ ರಿಪೇರಿಯ ಕೂಲಿ ಬರುವವರೆಗೆ ಇಟ್ಟುಕೊಳ್ಳುವ ಹಕ್ಕು ನಮಗಿದೆ. ಬೇರೆ ಹಳೆಯ ಬಾಕಿಗಾಗಿ ಇಟ್ಟುಕೊಳ್ಳುವ ಹಕ್ಕು ಮುಂದಿನ ಕಲಮಿನಲ್ಲಿ ಬ್ಯಾಂಕಿನವರೇ ಮೊದಲಾದ ಕೆಲವರಿಗೆ ಮಾತ್ರ. ನಮ್ಮಂಥವರಿಗೆ ಅದು ಬೇಕಾದರೆ ಗಿರಾಕಿಯೊಂದಿಗೆ ಮೊದಲೇ ಸ್ಪಷ್ಟವಾಗಿ ಒಪ್ಪಂದವಾಗಿರಬೇಕು. ಕಳೆದ ವರ್ಷದ ಮೋಟಾರುಗಳನ್ನು ಇಟ್ಟುಕೊಳ್ಳುವ ಹಕ್ಕು, ಅವು ಪಿಕಪ್ಪು ಹತ್ತಿದಾಗಲೇ ಅವುಗಳ ಜೊತೆ ಹೋಯಿತು. ಬಾಕಿ ಕೇಳುವ ಹಕ್ಕು ಮಾತ್ರ ಉಳಿದಿದೆ, ಅದಕ್ಕೂ ಕೆಲಸ ಮುಗಿದ ದಿನದಿಂದ ಮೂರು ವರ್ಷದ ಗಡುವು. ಗಡುವಿನ ಒಳಗೆ ಬಾಕಿಯನ್ನು ಒಪ್ಪಿ ಸಹಿ ಹಾಕಿದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ಎಣಿಸಬಹುದು. ಸಹಿ ಸಾವುಕಾರರದ್ದಾಗಿರಬೇಕು, ಇಲ್ಲವೇ ಅವರು ಅಧಿಕಾರ ಕೊಟ್ಟವರದ್ದು. ರೈಟರು ಪೆನ್ನಿನ ಮುಚ್ಚಳ ಹಾಕಿದ್ದು ಸರಿಯೇ ಆಗಿತ್ತು.

ಇನ್ನೊಂದು ದಾರಿಯನ್ನೂ ಅವನು ಹೇಳಿದ. ನಮ್ಮದು ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇರುವ ಅಂಗಡಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯಂತೆ ಗಿರಾಕಿ ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಒಪ್ಪಂದ ಏನೇ ಇದ್ದರೂ 45 ದಿನ ಮೀರುವಂತಿಲ್ಲ. ಬರವಣಿಗೆಯಲ್ಲಿ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಆ ದರ 2025ರ ಫೆಬ್ರವರಿ 7ರಂದು ಶೇ. 6.50ಕ್ಕೆ ಇಳಿಯಿತು, ಅದರ ಮೂರು ಪಟ್ಟೆಂದರೆ ಶೇ. 19.5. ಸರ್ಕಾರದ ಪೋರ್ಟಲಿನಲ್ಲಿ ಕುಳಿತಲ್ಲಿಂದಲೇ ಅರ್ಜಿ ಹಾಕಬಹುದಂತೆ. ಹೊತ್ತಿಗೆ ಸರಿಯಾಗಿ ಕೊಡದ ಬಿಲ್ಲನ್ನು ಆ ವರ್ಷದ ಖರ್ಚಿಗೆ ತೋರಿಸಲು ಬಿಡದ ಆದಾಯ ತೆರಿಗೆಯ 43ಬಿ (ಎಚ್) ನಿಯಮ ಬಂದ ಮೇಲೆ ಹಾಸನದ ಕಂಪನಿಗಳು ಮಾರ್ಚಿಗೆ ಮೊದಲೇ ಬಾಕಿ ತೀರಿಸುತ್ತಿವೆ ಎಂದು ಉತ್ಸಾಹದಿಂದ ಹೇಳಿದ. ಆದರೆ ಹಸಿ ಕಾಫಿಯನ್ನೋ ಒಣಗಿಸಿದ ಚೆರ್ರಿಯನ್ನೋ ಹಾಗೆಯೇ ಮಾರುವ ತೋಟದ ಆದಾಯ ಕೃಷಿಯದ್ದು, ಅದಕ್ಕೆ ಆದಾಯ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯ ಖರ್ಚನ್ನು ತಡೆಹಿಡಿದು ಅವರನ್ನು ಹೆದರಿಸುವುದು ಹೇಗೆ ಎಂದು ಕೇಳಿದ್ದಕ್ಕೆ ಅವನು ನಕ್ಕುಬಿಟ್ಟ.

ಅರ್ಜಿ ಹಾಕುವುದು ಸುಲಭ. ಹಾಕಿದ ಮೇಲೆ ಆ ಸಾವುಕಾರರ ಅಣ್ಣತಮ್ಮಂದಿರು, ಬೀಗರು, ಪಕ್ಕದ ತೋಟದವರು, ಎಲ್ಲರ ಮೋಟಾರುಗಳೂ ಬೇರೆ ಅಂಗಡಿಗೆ ಹೋಗುತ್ತವೆ. 38 ಸಾವಿರವನ್ನು ಬಡ್ಡಿಸಮೇತ ಗೆದ್ದು ಒಂದು ಇಡೀ ಸೀಮೆಯನ್ನು ಕಳೆದುಕೊಳ್ಳುವಷ್ಟು ದೊಡ್ಡ ಅಂಗಡಿ ನಮ್ಮದಲ್ಲ. ಕಾಯಿದೆ ಬರೆದವರು ಕೊಳ್ಳುವವನನ್ನೂ ಮಾರುವವನನ್ನೂ ಎಣಿಸಿದ್ದಾರೆ, ಅವರಿಬ್ಬರೂ ಒಂದೇ ಮದುವೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂರುವವರೆಂಬುದನ್ನು ಎಣಿಸಿಲ್ಲ. ಷಡ್ಡಕನಿಗೆ ಇದನ್ನು ಹೇಳಿದರೆ, ಹಾಗಾದರೆ ನನ್ನನ್ನು ಏಕೆ ಕೇಳುತ್ತೀಯ ಎಂದ.

ನಿಜವಾಗಿ ನನ್ನನ್ನು ಕಾಡುವುದು ದೊಡ್ಡ ಬಾಕಿಯವರಲ್ಲ, ಅವರು ಎಲ್ಲಿಗೂ ಹೋಗುವುದಿಲ್ಲ. ಮಧ್ಯಾಹ್ನ ಬ್ಯಾಂಕಿನಿಂದ ಬರುವಾಗ, ಹಿಂದೆ ತಪ್ಪದೆ ಅಂಗಡಿಗೆ ಬರುತ್ತಿದ್ದ ಹಿರಿಯರೊಬ್ಬರು ನನ್ನನ್ನು ಕಂಡು ಎದುರಿನ ಬಟ್ಟೆ ಅಂಗಡಿಯನ್ನು ಹೊಕ್ಕರು. ಅವರದ್ದು ಮನೆಯ ಬಾವಿಯ ಸಣ್ಣ ಪಂಪು, ಬಾಕಿ 1,400 ರೂಪಾಯಿ. ನಾನು ಅದನ್ನು ಒಮ್ಮೆಯೂ ಕೇಳಿದವನಲ್ಲ. ಪಂಪು ಆಮೇಲೆಯೂ ಕೆಟ್ಟಿರಬೇಕು, ಅದನ್ನು ಇನ್ನೊಬ್ಬರ ಅಂಗಡಿಯಲ್ಲಿ ನಗದು ಕೊಟ್ಟು ಮಾಡಿಸಿರಬೇಕು. ದೊಡ್ಡ ಬಾಕಿಯವರು ಎದೆಯೆತ್ತಿ ಬಂದು ಕಾಫಿ ಕುಡಿದು ಹೋಗುತ್ತಾರೆ, ಸಣ್ಣ ಬಾಕಿಯವರು ಬೀದಿ ದಾಟುತ್ತಾರೆ. ಉದ್ರಿ ಕೊಟ್ಟು ಹಣ ಹೋದದ್ದಕ್ಕಿಂತ ಹೀಗೆ ಗಿರಾಕಿ ಹೋದದ್ದೇ ನಮಗೆ ಹೆಚ್ಚು. ಶಾರದೆ ಆ 1,400ನ್ನು ಪುಸ್ತಕದಿಂದ ಹೊಡೆದು ಹಾಕಿ ಅವರಿಗೆ ಹೇಳಿಕಳಿಸಿ ಎನ್ನುತ್ತಾಳೆ. ಹಾಗೆ ಹೇಳಿಕಳಿಸಿದರೆ ಅವರು ಮತ್ತೆಂದೂ ಈ ಕಡೆ ಬರಲಾರರು ಎಂದು ನನ್ನ ಅನಿಸಿಕೆ.

ಅಂದಾಜು ಪಟ್ಟಿಯನ್ನು ಹೊಸದಾಗಿ ಮುದ್ರಿಸಲು ನಾಳೆ ಪ್ರೆಸ್ಸಿಗೆ ಕೊಡಬೇಕು. ಅರ್ಧ ಮುಂಗಡ, ಉಳಿದದ್ದು ಎತ್ತುವಾಗ, ಹಳೆಯ ಬಾಕಿ ಇದ್ದರೆ ಅದಕ್ಕೂ ವಸ್ತುವನ್ನು ಇಟ್ಟುಕೊಳ್ಳಲು ಗಿರಾಕಿಯ ಒಪ್ಪಿಗೆ ಇದೆ ಎಂದು ಕೆಳಗೊಂದು ಸಾಲು, ಅದರ ಕೆಳಗೆ ಸಹಿ. ಈ ಸಾಲುಗಳನ್ನು ಬರೆದು ಶಾರದೆಗೆ ಓದಿ ಹೇಳಿದೆ. ಅವಳು ತಲೆಯೆತ್ತದೆ, ಮಲ್ಲಂದೂರಿನ ಅಣ್ಣನಿಗೂ ಇದೇ ಪಟ್ಟಿಯೇ ಎಂದು ಕೇಳಿದಳು. ಆತನಿಗೆ ಇರುವುದು ಎರಡು ಎಕರೆ. ಬಾಕಿ ಎಂಬುದನ್ನು ಇಟ್ಟವನಲ್ಲ, ಮುಂಗಡ ಎಂಬುದನ್ನು ಕೊಟ್ಟವನೂ ಅಲ್ಲ. ಮೋಟಾರು ಎತ್ತುವ ದಿನ ಮೆಣಸು ಮಾರಿಯಾದರೂ ಪೂರ್ತಿ ಹಣ ತರುತ್ತಾನೆ. ನಾಳೆ ಬೆಳಿಗ್ಗೆ ಪಂಪು ತರುತ್ತೇನೆಂದು ಹೇಳಿದ್ದಾನೆ. ನಿಯಮ ಎಂದ ಮೇಲೆ ಎಲ್ಲರಿಗೂ ಒಂದೇ ಎನ್ನಬೇಕು, ಇಲ್ಲವಾದರೆ ಸಾವುಕಾರರ ಮುಂದೆ ಆ ಪಟ್ಟಿಗೆ ಬೆಲೆಯಿಲ್ಲ. ಆದರೆ ಅವನ ಮುಂದೆ ಆ ಹಾಳೆಯನ್ನು ಚಾಚಿ ಸಹಿ ಹಾಕಪ್ಪ ಎಂದರೆ