ಸವೆದ ಮಗ್ಗುಲು

ಮಗಳು ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿದ್ದಾಳೆ. ಹೋದ ವರ್ಷ ಮೇ ತಿಂಗಳಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಒಂದು ಶನಿವಾರ ಹಳೇ ಸಾಮಾನಿನ ಅಂಗಡಿಯಲ್ಲಿ ಅಮೆರಿಕದ ಹಳೇ ಗಾಯಕಿ ಪ್ಯಾಟಿ ಪೇಜ್ ಹಾಡಿದ ಗ್ರಾಮಫೋನ್ ತಟ್ಟೆ ಸಿಕ್ಕಿತು. ಮೂರು ಡಾಲರ್. "ಹಾಕೋಕೆ ಪ್ಲೇಯರ್ ಎಲ್ಲಿದೆ ಅಪ್ಪಾ?" ಅಂತ ಮಗಳು ನಕ್ಕಳು. ಆದರೂ ತಗೊಂಡೆ.

ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ, ಕೈಗೆ ಭಾರ. ಆಗ ಇವನ್ನು ಹೆಚ್ಚಾಗಿ ಅರಗಿನಿಂದ ಮಾಡುತ್ತಿದ್ದರು. ಆ ಅರಗು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಮನೆಗೆ ಬಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಮಗ್ಗುಲು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಇನ್ನೊಂದು ಬೂದಿ ಬಳಿದ ಹಾಗೆ ಮಾಸಿತ್ತು. ಮಧ್ಯದ ತೂತಿನ ಸುತ್ತ ಗೀರೋ ಗೀರು.

ಎದುರು ಮನೆಯ ಅಜ್ಜನ ಹತ್ತಿರ ಪ್ಲೇಯರ್ ಇತ್ತು. ಸಂಜೆ ಹೋದೆವು. ಚೆನ್ನಾಗಿರುವ ಮಗ್ಗುಲನ್ನೇ ಮೇಲೆ ಮಾಡಿ ಕೊಟ್ಟೆ. ಮುಳ್ಳು ಇಳಿದದ್ದೇ ತಡ, ಸಾಂಟಾಕ್ಲಾಸ್ ಮೇಲೊಂದು ಕುಣಿತದ ಹಾಡು! ಆ ಸೆಕೆಯಲ್ಲಿ! ಅಜ್ಜ ನಗುತ್ತಾ ತಟ್ಟೆ ತಿರುಗಿಸಿದರು.

1950ರ ಕೊನೆಯಲ್ಲಿ ಮರ್ಕ್ಯುರಿ ರೆಕಾರ್ಡ್ ಕಂಪನಿ ಮಾರಲು ಹೊರಟಿದ್ದು ಈ ಕ್ರಿಸ್‌ಮಸ್ ಹಾಡನ್ನೇ. ಹಿಂದಿನ ಮಗ್ಗುಲಿಗೂ ಏನಾದರೂ ಬೇಕಲ್ವಾ, 'ಟೆನೆಸೀ ವಾಲ್ಟ್ಜ್' ಹಾಕಿದರು. ವಾಲ್ಟ್ಜ್ ಅಂದರೆ ಮೂರೆಣಿಕೆಯ ಜೋಡಿ ಕುಣಿತ. ಜನ ಹಿಡಿದದ್ದು ಅದನ್ನು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 30 ವಾರ ಇತ್ತು, ಅದರಲ್ಲಿ 9 ವಾರ ಮೊದಲ ಸ್ಥಾನ. 1965ರಲ್ಲಿ ಟೆನೆಸೀ ರಾಜ್ಯ ಇದನ್ನು ತನ್ನ ನಾಡಗೀತೆಗಳಲ್ಲಿ ಒಂದು ಮಾಡಿಕೊಂಡಿತು. ಈ ಅಂಕಿಗಳೆಲ್ಲ ನನಗೆ ಮೊದಲೇ ಗೊತ್ತಿದ್ದವು. ಆದರೆ ಒಂದು ಮನೆಯಲ್ಲಿ ಮುಳ್ಳು ಎಷ್ಟು ಸಲ ಓಡಿದರೆ ತಟ್ಟೆ ಇಷ್ಟು ಸವೆದೀತು ಅಂತ ಯೋಚಿಸಿದ್ದು ಅವತ್ತೇ.

ಮೊದಲು ಕಾದ ಹೆಂಚಿಗೆ ನೀರು ಚಿಮುಕಿಸಿದ ಸದ್ದು. ಅದರೊಳಗಿನಿಂದ ದನಿ ಬಂತು. ಅಕ್ಕತಂಗಿಯರು ಜೊತೆಯಲ್ಲಿ ಹಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲವಂತೆ, ಎರಡೂ ಪ್ಯಾಟಿಯದೇ ದನಿ. ತನ್ನ ಹಾಡಿನ ಮೇಲೆ ತಾನೇ ಇನ್ನೊಮ್ಮೆ ಹಾಡಿ ಸೇರಿಸಿದ್ದು. ನನ್ನ ಹೆಂಡತಿ ಸ್ವಲ್ಪ ಸಂಗೀತ ಕಲಿತವಳು. ಆಗಲೇ ತೊಡೆಯ ಮೇಲೆ ತಕಿಟ, ತಕಿಟ ಅಂತ ಬೆರಳು ಹಾಕುತ್ತಿದ್ದಳು.

ಹಾಡಿನ ಕಥೆ ಇಷ್ಟೇ. ಅವಳು ನಲ್ಲನ ಜೊತೆ ಈ ವಾಲ್ಟ್ಜ್‌ಗೆ ಕುಣಿಯುತ್ತಿರುತ್ತಾಳೆ. ಹಳೇ ಗೆಳತಿ ಸಿಗುತ್ತಾಳೆ. ಇವಳೇ ಅವನಿಗೆ ಪರಿಚಯ ಮಾಡಿಸುತ್ತಾಳೆ. ಅವರಿಬ್ಬರೂ ಕುಣಿಯುತ್ತಾ ಕುಣಿಯುತ್ತಾ ಗೆಳತಿ ಅವನನ್ನು ಹಾರಿಸಿಕೊಂಡು ಹೋಗುತ್ತಾಳೆ. ಬೈಗುಳ ಇಲ್ಲ, ಶಾಪ ಇಲ್ಲ. ಆ ರಾತ್ರಿ ನೆನಪಿದೆ, ಆ ಹಾಡು ನೆನಪಿದೆ ಅನ್ನುತ್ತಾಳೆ, ಅಷ್ಟೇ. ಅವಳು ನೆನೆಯುವ ಆ ಹಾಡು ಹೇಗಿತ್ತು ಅಂತ ಮಾತ್ರ ನಮಗೆ ಕೊನೆಗೂ ಕೇಳಿಸುವುದಿಲ್ಲ. ನನಗೆ ಹಿಡಿಸಿದ್ದು ಅದೇ.

ನಾನು ಅರ್ಥ ಹೇಳಿದೆ. "ಅಲ್ಲಾ ರೀ, ಅವಳನ್ಯಾಕೆ ಪರಿಚಯ ಮಾಡಿಸಬೇಕಿತ್ತು?" ಅಂದಳು ಹೆಂಡತಿ. ಇಂಗ್ಲಿಷಿನಲ್ಲಿ ದಾಟಿಸಿದೆ. ಅಜ್ಜನಿಗೆ ನಕ್ಕೂ ನಕ್ಕೂ ಕೆಮ್ಮು ಬಂತು.

ಆಮೇಲೆ ಅವರೇ ಹೇಳಿದರು. 1946ರಲ್ಲಿ ಈ ಹಾಡು ಕಟ್ಟಿದ ಪೀ ವೀ ಕಿಂಗ್ ಮತ್ತು ರೆಡ್ ಸ್ಟೀವರ್ಟ್ ಟ್ರಕ್ಕಿನಲ್ಲಿ ಹೋಗುತ್ತಿದ್ದರಂತೆ. ರೇಡಿಯೋದಲ್ಲಿ 'ಕೆಂಟಕಿ ವಾಲ್ಟ್ಜ್' ಬಂತು. ನಮ್ಮ ಟೆನೆಸೀಗೂ ಒಂದು ಇರಲಿ ಅಂತ ಬೆಂಕಿಪೊಟ್ಟಣ ಬಿಡಿಸಿ ಅದರ ಮೇಲೇ ಸಾಲು ಬರೆದರಂತೆ. ಪ್ಯಾಟಿ ಹಾಡಿದಾಗ ಅಜ್ಜನಿಗೆ ಒಂಬತ್ತು ವರ್ಷ. ಅಕ್ಕನ ಚಿಲ್ಲರೆಯೆಲ್ಲ ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್ ಹೊಟ್ಟೆ ಸೇರಿತ್ತಂತೆ.

ಎರಡನೇ ಸಲ ಹಾಕಿದಾಗ ಒಂದು ಕಡೆ ಮುಳ್ಳು ಸಿಕ್ಕಿಕೊಂಡು ಅದೇ ಅದೇ ಪದ ತಿರುಗತೊಡಗಿತು. ಅಜ್ಜ ಬೆರಳಲ್ಲಿ ಮೆಲ್ಲಗೆ ತಳ್ಳಿದರು. ಮೂರನೇ ಸಲ ಕೇಳಿದರೆ ತಲೆ ಅಲ್ಲಾಡಿಸಿದರು.

"ಹಾಕಿದಷ್ಟೂ ಸವೆಯುತ್ತೆ. ಸಾಂಟಾಕ್ಲಾಸ್ ಕೇಳೋಣ, ಅವನಿನ್ನೂ ಗಟ್ಟಿಯಾಗಿದ್ದಾನೆ."

ಫ್ಯಾನ್ ಜೋರು ಮಾಡಿ ಮತ್ತೆ ಅದನ್ನೇ ಕೇಳಿದೆವು.